ಹೂವಿನ ಬೆನ್ನು ಹತ್ತಿ ಏಳು ದಿನ

ಯುಗಾದಿ ಕಳೆದ ವಾರ. ಮಗಳ ಪರೀಕ್ಷೆ ಮುಗಿದಿತ್ತು. ರಜೆಯಲ್ಲಿ ‘ನಮ್ಮ ರಾಜ್ಯ’ ಅಂತ ಒಂದು ಪುಸ್ತಕ ಮಾಡಿ ತರಲು ಶಾಲೆಯಲ್ಲಿ ಹೇಳಿದ್ದರು. ರಾಜ್ಯದ ಹೂವು ಕಮಲ, ಮರ ಶ್ರೀಗಂಧ, ಪ್ರಾಣಿ ಆನೆ, ಹಕ್ಕಿ ನೀಲಕಂಠ, ಲಾಂಛನದಲ್ಲಿ ಗಂಡಭೇರುಂಡ. ಚಿತ್ರ ಅಂಟಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಅವಳು ಅಂಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಅಜ್ಜಿ, ನೀನು ದಿನಾ ಮುಡಿಯೋದು ಮಲ್ಲಿಗೆ. ನಮ್ಮ ಮನೇಲಿ ಕಮಲ ತಂದಿದ್ದೇ ನಾನು ನೋಡಿಲ್ಲ. ಮತ್ತೆ ರಾಜ್ಯದ ಹೂವು ಅದ್ಯಾಕೆ?”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಅವರು ಹುಟ್ಟಿದ್ದು 1956ರಲ್ಲಿ, ಅಂದರೆ ಈ ರಾಜ್ಯ ಒಂದಾದ ವರ್ಷ. 1973ರ ನವೆಂಬರ್ 1ರಂದು ‘ಮೈಸೂರು ರಾಜ್ಯ’ ಹೋಗಿ ‘ಕರ್ನಾಟಕ’ ಬಂದಾಗ ಅವರಿಗೆ ಹದಿನೇಳು. ಆ ದಿನ ಜಡೆಗೆ ಕನಕಾಂಬರ ಮುಡಿದು ಮೆರವಣಿಗೆ ನೋಡಿದ್ದು ಅವರಿಗೆ ಇನ್ನೂ ನೆನಪಿದೆ. “ಹೂವಿನ ವಿಷಯ ಪುಸ್ತಕದಲ್ಲಿ ನೋಡಿದರೆ ಆಗಲ್ಲ ಪುಟ್ಟಿ, ಹೋಗಿ ನೋಡೋಣ” ಅಂದರು.

ನಮ್ಮ ರಾಜ್ಯದ ಮೂರು ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಅಂದರೆ ಇದು ಈ ಊರಿನದ್ದೇ ಅಂತ ಗುರುತಿಸುವ ಭೌಗೋಳಿಕ ಸೂಚಕ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ. ಈ ಮೂರು ಊರುಗಳನ್ನು ಗುರುತು ಹಾಕಿ ಗೆರೆ ಎಳೆದರೆ ಬಯಲು, ಮಲೆನಾಡು, ಕರಾವಳಿ ಎಲ್ಲವೂ ಬರುತ್ತವೆ. ಅದೇ ನಮ್ಮ ದಾರಿ ಆಯಿತು. ಕಾರು ನಾನು ಓಡಿಸಿದೆ, ಅಮ್ಮ ಮುಂದೆ, ಮಗಳು ಹಿಂದೆ.

ಮೊದಲ ದಿನ: ಬೆಂಗಳೂರು

ಕೆ.ಆರ್. ಮಾರ್ಕೆಟ್‌ಗೆ ಬೆಳಗಿನ ಜಾವ ನಾಲ್ಕೂವರೆಗೆ ಹೋದೆವು. ಆರು ಗಂಟೆಯ ಮೇಲೆ ಹೋದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಒಳ್ಳೆಯ ಹೂವೂ ಅಷ್ಟರಲ್ಲಿ ಖಾಲಿ. ಗೋಣಿಚೀಲಗಳಿಂದ ಚೆಂಡುಹೂವು ಸುರಿಯುತ್ತಿದ್ದರು. ಸೇವಂತಿಗೆ, ಸುಗಂಧರಾಜ, ಬಟನ್ ಗುಲಾಬಿ, ಕಣಗಿಲೆ ಎಲ್ಲವೂ ರಾಶಿ ರಾಶಿ. ನಡುವೆ ಮರುಗ ಮತ್ತು ದವನದ ಕಟ್ಟುಗಳು. ಕೆಳಗೆ ಬಿದ್ದ ಎಲೆ, ದಂಟು ಎಲ್ಲಾ ಒದ್ದೆಯಾಗಿ ಕಾಲು ಜಾರುತ್ತದೆ. ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಇಲ್ಲಿ ಬಿಡಿ ಹೂವು ಕಿಲೋ ಲೆಕ್ಕ, ಕಟ್ಟಿದ ಹೂವು ಮೊಳದ ಲೆಕ್ಕ ಅಥವಾ ಮಾರಿನ ಲೆಕ್ಕ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು. ಅಮ್ಮ ಯಾವಾಗಲೂ ಮಾರುವವರ ಕೈ ಮೊದಲು ನೋಡುತ್ತಾರೆ. ಉದ್ದ ಕೈಯವರ ಹತ್ತಿರ ಕೊಂಡರೆ ಒಂದು ಮೊಳಕ್ಕೆ ನಾಲ್ಕು ಬೆರಳು ಜಾಸ್ತಿ ಸಿಗುತ್ತದೆ. ಹೂವು ಒತ್ತಾಗಿ ಕಟ್ಟಿದ್ದಾರಾ, ಬಿಡಿಬಿಡಿಯಾಗಿ ಕಟ್ಟಿದ್ದಾರಾ ಅಂತ ದಾರವನ್ನು ಒಮ್ಮೆ ಜಗ್ಗಿ ನೋಡುವುದೂ ಅವರಿಂದಲೇ ನಾನು ಕಲಿತದ್ದು.

ಮಲ್ಲಿಗೆಗೆ ಅವತ್ತು ಬೇಡಿಕೆ ಜೋರಾಗಿತ್ತು. ಒಂದು ವಾರದಲ್ಲಿ ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಆ ಕರಗ ಮೈತುಂಬ ಮಲ್ಲಿಗೆ ಹೊತ್ತುಕೊಂಡೇ ಬರುತ್ತದೆ. ಅದನ್ನು ಹೊರುವ ತಿಗಳ ಸಮುದಾಯದವರು ತಲೆಮಾರುಗಳಿಂದ ಹೂವು, ತರಕಾರಿ ಬೆಳೆದವರು. ಊರಿನ ತೋಟಗಾರರ ಹಬ್ಬವೇ ಊರಹಬ್ಬ ಆಗಿರುವುದು ನನಗೆ ತುಂಬಾ ಇಷ್ಟ.

ಮೂಲೆಯಲ್ಲಿ ಒಬ್ಬರು ತಾವರೆ ಮೊಗ್ಗು ಇಟ್ಟುಕೊಂಡಿದ್ದರು. ಮಗಳು ಅಲ್ಲೇ ನಿಂತುಬಿಟ್ಟಳು. “ತಗೊಳಿ ಅಕ್ಕ, ಇದು ತಾನಾಗೇ ಅರಳಲ್ಲ, ಕೈಯಲ್ಲಿ ಅರಳಿಸಬೇಕು” ಅಂದರು ಆಕೆ. ಒಂದೊಂದೇ ಎಸಳನ್ನು ಹೊರಗೆ ಮಡಿಸಿ ಒಳಕ್ಕೆ ಸಿಕ್ಕಿಸಿ ತೋರಿಸಿದರು. ಒಂದು ನಿಮಿಷದಲ್ಲಿ ಮೊಗ್ಗು ಹೂವಾಯಿತು. ಕಿತ್ತ ತಾವರೆ ಮೊಗ್ಗು ಮನೆಯಲ್ಲಿ ಅರಳುವುದು ಕಡಿಮೆ. ಹಾಗಾಗಿ ವರಮಹಾಲಕ್ಷ್ಮಿಗೆ ಕೊಳ್ಳುವವರು ಈ ಮಡಿಸುವ ಕೆಲಸ ಕಲಿತಿರುವುದು ಒಳ್ಳೆಯದು. ಆ ಹಬ್ಬದ ಹಿಂದಿನ ದಿನ ಇದೇ ಮೊಗ್ಗಿಗೆ ಬೆಲೆ ಹಲವು ಪಟ್ಟು ಏರುತ್ತದೆ. ನಾವು ಐದು ಮೊಗ್ಗು ಕೊಂಡೆವು.

ಮಾರ್ಕೆಟ್ ಕಟ್ಟಿದ್ದು 1928ರಲ್ಲಿ. ಅದಕ್ಕೂ ಮೊದಲು ಈ ಜಾಗದಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಕೆರೆ ಇದ್ದ ಜಾಗದಲ್ಲಿ ಈಗ ಬೇರೆ ಊರಿನ ಕೆರೆಯ ತಾವರೆ ಮಾರಾಟ. ಇದನ್ನು ಹೇಳಿದಾಗ ಮಗಳು ಕೆಳಗೆ ನೆಲ ನೋಡಿದಳು.

ಬೆಳಗಾದ ಮೇಲೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರುಮಾಡಿಸಿದ ತೋಟ ಇದು. ಫಲಪುಷ್ಪ ಪ್ರದರ್ಶನ ಇರುವುದು ಜನವರಿ ಮತ್ತು ಆಗಸ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಗಾಜಿನ ಮನೆ ಖಾಲಿ. ಆದರೆ ಮರಗಳು ಖಾಲಿ ಇರಲಿಲ್ಲ. ಒಂದು ಮರದ ಹೂವು ಉದುರುವಾಗ ಇನ್ನೊಂದು ಮರ ಅರಳಬೇಕು, ವರ್ಷವಿಡೀ ಊರಲ್ಲಿ ಎಲ್ಲಾದರೂ ಹೂವು ಇರಬೇಕು ಎಂದು ಯೋಚಿಸಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕೆ ತಜ್ಞರು. ಇಲ್ಲಿನ ಬಂಡೆಯ ಮೇಲೆ ಹತ್ತಿ ಕೂತೆವು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲದು. ಆಗಲೇ ಕಾದಿತ್ತು, ಜಾಸ್ತಿ ಹೊತ್ತು ಕೂರಲಾಗಲಿಲ್ಲ.

ಎರಡನೇ ದಿನ: ಮೈಸೂರು

ದಶಪಥ ರಸ್ತೆಯಲ್ಲಿ ಮೈಸೂರು ಬೇಗ ಬಂತು. ರಸ್ತೆ ಬಗ್ಗೆ ಹೇಳಲು ಏನೂ ಇಲ್ಲ, ಮದ್ದೂರಿನ ವಡೆ ತಿನ್ನಬೇಕಾದರೆ ಹಳೆಯ ದಾರಿಗೆ ಇಳಿಯಬೇಕು ಅನ್ನುವುದನ್ನು ಬಿಟ್ಟು.

ಹೋಟೆಲ್‌ನಲ್ಲಿ ನೋಡಿದರೆ ಐದು ತಾವರೆ ಮೊಗ್ಗಿನಲ್ಲಿ ನಾಲ್ಕು ಕಪ್ಪಾಗಿದ್ದವು. ಮಗಳ ಕಣ್ಣಲ್ಲಿ ನೀರು. ಉಳಿದ ಒಂದನ್ನು ಅವಳೇ ಎಸಳು ಮಡಿಸಿ ಲೋಟದ ನೀರಿನಲ್ಲಿ ಇಟ್ಟಳು.

ಅರಮನೆಯಲ್ಲಿ ಅವಳು ಗಂಡಭೇರುಂಡ ಹುಡುಕುವ ಕೆಲಸಕ್ಕೆ ಇಳಿದಳು. ಎರಡು ತಲೆಯ ಈ ಹಕ್ಕಿ ಮೈಸೂರು ಅರಸರ ಲಾಂಛನವಾಗಿತ್ತು, ಅಲ್ಲಿಂದಲೇ ರಾಜ್ಯದ ಲಾಂಛನಕ್ಕೆ ಬಂತು. ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ, ಎರಡೂ ಪಕ್ಕ ಸಿಂಹದ ಮೈಗೆ ಆನೆಯ ತಲೆ ಇರುವ ಪ್ರಾಣಿ, ಮೇಲೆ ಅಶೋಕನ ಸಿಂಹ, ಕೆಳಗೆ ‘ಸತ್ಯಮೇವ ಜಯತೇ’. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ ಈಗಿನದು 1912ಕ್ಕೆ ಮುಗಿದದ್ದು. ಹನ್ನೊಂದು ಕಡೆ ಗಂಡಭೇರುಂಡ ಸಿಕ್ಕಿತು ಅಂತ ಅವಳ ಲೆಕ್ಕ.

ಸಂಜೆ ದೇವರಾಜ ಮಾರುಕಟ್ಟೆ. ನೂರು ವರ್ಷಕ್ಕೂ ಹಳೆಯ ಕಟ್ಟಡ. ಹೂವಿನ ಸಾಲಿನಲ್ಲಿ ಒಬ್ಬ ಅಜ್ಜ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಕಣ್ಣು ನಮ್ಮ ಕಡೆ, ಬೆರಳು ಹೂವಿನ ಕಡೆ. ಅಮ್ಮ ಅವರ ಪಕ್ಕದ ಮಣೆಯ ಮೇಲೆ ಕೂತು ಮಾತಿಗೆ ಇಳಿದರು. “ಇದು ಮೈಸೂರು ಮಲ್ಲಿಗೇನಾ?” ಎಂದು ಕೇಳಿದರೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: “ಅದು ಈಗ ಕಮ್ಮಿ ತಾಯಿ. ತೋಟ ಇದ್ದ ಕಡೆ ಸೈಟು ಆಗೋಯ್ತು. ಬೆಳಿಗ್ಗೆ ಬೇಗ ಬಂದ್ರೆ ಸ್ವಲ್ಪ ಸಿಗ್ತದೆ. ಇದು ಬೇರೆ ಕಡೆಯಿಂದ ಬಂದಿದ್ದು.” ಎಲ್ಲಾ ಮಲ್ಲಿಗೆಯನ್ನೂ ಮೈಸೂರು ಮಲ್ಲಿಗೆ ಅಂತ ಮಾರಬಹುದಿತ್ತು, ಅವರು ಮಾರಲಿಲ್ಲ. ಮರುದಿನ ಆರಕ್ಕೇ ಹೋಗಿ ಅವರ ಹತ್ತಿರವೇ ನಿಜವಾದದ್ದನ್ನು ನಾಲ್ಕು ಮೊಳ ಕೊಂಡೆವು.

ಶ್ರೀಗಂಧದ ಮರವನ್ನೂ ಮೈಸೂರಲ್ಲೇ ನೋಡಿದೆವು. ಅದರ ಹೂವು ತುಂಬಾ ಚಿಕ್ಕದು, ಕಂದುಗೆಂಪು ಬಣ್ಣ. ಮಗಳು ಮೂಸಿ ನೋಡಿದಳು. ವಾಸನೆಯೇ ಇಲ್ಲ. ಗಂಧವೆಲ್ಲ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದೂ ಪಕ್ಕದ ಗಿಡಗಳ ಬೇರಿನಿಂದ ಆಹಾರ ಪಡೆದು ಬೆಳೆಯುವ ಮರ. ಒಂಟಿಯಾಗಿ ನೆಟ್ಟರೆ ಏಳುವುದಿಲ್ಲ.

ಮೂರನೇ ದಿನ: ಕೊಡಗು ದಾಟಿ ಕರಾವಳಿಗೆ

ಹುಣಸೂರು, ಕುಶಾಲನಗರ ದಾಟಿದ ಮೇಲೆ ರಸ್ತೆ ಏರತೊಡಗಿತು. ಮಡಿಕೇರಿ ಹತ್ತಿರ ಬರುತ್ತಿದ್ದಂತೆ ಅಮ್ಮ “ಕಾರಲ್ಲಿ ಇರೋ ಮಲ್ಲಿಗೆ ಇಷ್ಟು ಘಮ ಅನ್ನತ್ತಾ?” ಅಂದರು. ಕಿಟಕಿ ಇಳಿಸಿದೆವು. ಘಮ ಹೊರಗಿನಿಂದ ಬರುತ್ತಿತ್ತು. ರಸ್ತೆಯ ಎರಡೂ ಕಡೆ ಕಾಫಿ ಗಿಡಗಳು ಕೊಂಬೆ ತುಂಬ ಬೆಳ್ಳಗೆ ಅರಳಿದ್ದವು. ಯಾರೋ ಗಿಡದ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ.

ಗೇಟಿನ ಹತ್ತಿರ ನಿಂತಿದ್ದ ತೋಟದ ಹಿರಿಯರೊಬ್ಬರು ನಮ್ಮನ್ನು ಒಳಗೆ ಕರೆದರು. ಮೊದಲ ಮಳೆ ಬಿದ್ದು ಒಂಬತ್ತು ದಿನವಾಗಿತ್ತಂತೆ. “ಇದನ್ನ ಹೂಮಳೆ ಅಂತೀವಿ. ಮಳೆ ಬಂದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಒಟ್ಟಿಗೇ ಅರಳುತ್ತೆ. ಮೂರು ನಾಲ್ಕು ದಿನ, ಆಮೇಲೆ ಮುಗೀತು. ಹೂವು ನಿಂತಮೇಲೆ ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್. ಅದು ಬರದಿದ್ರೆ ಕಾಯಿ ಕಚ್ಚಲ್ಲ” ಅಂದರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದೆಲ್ಲವೂ ಈ ಕೆಲವು ದಿನದ ಹೂವಿನ ಮೇಲೆ ನಿಂತಿದೆ ಅಂದರೆ ನಂಬಲು ಕಷ್ಟ ಅಲ್ವಾ? ಕೊಯ್ಯಲು, ಮುಡಿಯಲು, ಮಾರಲು ಇರದ ಹೂವು. ಮಗಳು ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು.

ಕೊಡಗು 1956ರವರೆಗೆ ತನ್ನದೇ ಮುಖ್ಯಮಂತ್ರಿ ಇದ್ದ ಬೇರೆ ರಾಜ್ಯ. ಇದು ಮಗಳಿಗೆ ಹೊಸ ವಿಷಯ. ಆಮೇಲೆ ದಾರಿಯುದ್ದಕ್ಕೂ ಪ್ರತಿ ಊರಲ್ಲೂ “ಇದು ಮೊದಲು ಯಾರದ್ದು?” ಅಂತ ಅವಳ ಪ್ರಶ್ನೆ ಶುರುವಾಯಿತು.

ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟುವಾಗ ಸೆಖೆ ಮೈಗೆ ಅಂಟಿಕೊಂಡಿತು. ಉಡುಪಿ ತಲುಪಿದಾಗ ರಾತ್ರಿ ಎಂಟು. ಮೈಸೂರಿನ ಮಲ್ಲಿಗೆಯ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕಾಫಿ ತೋಟ ನೋಡುವಾಗ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನಾನೇ. ಆ ಅಜ್ಜ ನಮಗಾಗಿ ಎತ್ತಿಟ್ಟ ಹೂವು ಹೀಗಾಯಿತಲ್ಲ ಅಂತ ತುಂಬಾ ಬೇಜಾರಾಯಿತು.

ನಾಲ್ಕನೇ ದಿನ: ಶಂಕರಪುರ

ಉಡುಪಿಯಿಂದ ಕಟಪಾಡಿಗೆ ಬಂದು ಶಿರ್ವದ ಕಡೆ ತಿರುಗಿದರೆ ಶಂಕರಪುರ. ಉಡುಪಿ ಮಲ್ಲಿಗೆಯ ತವರು ಇದು. ಪೇಟೆ ಚಿಕ್ಕದು. ಮನೆ ಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡ. ಕೆಲವರದ್ದು ಹತ್ತು ಗಿಡ, ಕೆಲವರದ್ದು ನೂರು. ಹಿಂದೂಗಳ ಮನೆ, ಕ್ರೈಸ್ತರ ಮನೆ ಎಲ್ಲರೂ ಬೆಳೆಯುತ್ತಾರೆ. ಇಗರ್ಜಿಗೆ ಹೋಗುವವರು ಬೆಳೆದ ಹೂವು ಇಲ್ಲಿ ಭೂತದ ಕೋಲಕ್ಕೂ, ನಾಗನ ಪೂಜೆಗೂ ಹೋಗುತ್ತದೆ.

ಒಂದು ಮನೆಯ ಮುಂದೆ ನಿಂತು ನೋಡುತ್ತಿದ್ದೆವು. ಒಳಗಿನಿಂದ ಹೆಂಗಸೊಬ್ಬರು “ಬನ್ನಿ, ಬನ್ನಿ, ಬಿಸಿಲಲ್ಲಿ ಯಾಕೆ ನಿಲ್ಲುದು?” ಅಂತ ಕರೆದರು. ಜಗಲಿಯಲ್ಲಿ ಮೂವರು ಕೂತು ಕಟ್ಟುತ್ತಿದ್ದರು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ಆಗಿತ್ತು. ಒದ್ದೆ ಮಾಡಿದ ಬಾಳೆನಾರು, ಮೊಗ್ಗಿನ ಬುಟ್ಟಿ, ಮಾತು. ಕಟ್ಟಿ ಮುಗಿಸಿ ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ತಲುಪಿಸಬೇಕು, ಅಲ್ಲಿಂದ ಊರೂರಿಗೆ, ಮುಂಬೈಗೆ ಕೂಡ ಹೋಗುತ್ತದೆ.

ಅಮ್ಮ ಅಭ್ಯಾಸದಂತೆ “ಮೊಳಕ್ಕೆ ಎಷ್ಟು?” ಎಂದರು. ಅವರೆಲ್ಲ ನಕ್ಕರು. “ಇಲ್ಲಿ ಮೊಳ ಇಲ್ಲ ಅಮ್ಮ. ಇಲ್ಲಿ ಚೆಂಡು, ಅಟ್ಟೆ.” ಒಂದು ಚೆಂಡು ಅಂದರೆ ಸುಮಾರು 800 ಮೊಗ್ಗು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ದಿನದ ಬೆಲೆ ಇಲ್ಲಿಯೇ ನಿಗದಿಯಾಗಿ ಸುತ್ತಲ ಪೇಟೆಗಳಿಗೆಲ್ಲ ಮುಟ್ಟುತ್ತದೆ. ಮದುವೆ, ಕೋಲದ ದಿನಗಳಲ್ಲಿ ಒಂದೇ ವಾರದಲ್ಲಿ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಇಲ್ಲಿ ಮದುವೆಗೆ ಹೂವು ಬೇಕಾದವರು ಮೊದಲೇ ಹೇಳಿಟ್ಟಿರುತ್ತಾರೆ.

ಅಮ್ಮ ಅರವತ್ತು ವರ್ಷದಿಂದ ಹೂವು ಕಟ್ಟುತ್ತಿದ್ದಾರೆ. ಕೈಯಿಂದ ಅಳೆದು ಕೊಂಡವರಿಗೆ ಇಲ್ಲಿ ಹೂವನ್ನು ಎಣಿಸಿ ಮಾರುವುದು ಬೆರಗು ಹುಟ್ಟಿಸಿತು. ಎಣಿಕೆ ಇದ್ದರೆ ಬಿಡಿಯಾಗಿ ಕಟ್ಟಿದ್ದಾರೋ ಒತ್ತಾಗಿ ಕಟ್ಟಿದ್ದಾರೋ ಅನ್ನೋ ಅನುಮಾನವೇ ಬರುವುದಿಲ್ಲ, ಕೊಳ್ಳುವವರಿಗೆ ಎಷ್ಟು ಮೊಗ್ಗು ಅಂತ ಗೊತ್ತಿರುತ್ತದೆ. ಅಮ್ಮ ಕೂತು ಅವರ ಹಾಗೆ ಕಟ್ಟಲು ನೋಡಿದರು. ಅವರ ಗಂಟು ಬೇರೆ, ನಮ್ಮ ಗಂಟು ಬೇರೆ. ಹತ್ತು ನಿಮಿಷದಲ್ಲಿ ಕಲಿತರು.

ಮೈಸೂರು ಹೂವಿನ ಕಥೆ ಹೇಳಿದೆ. ಮನೆಯಾಕೆ ತಲೆಯಾಡಿಸಿದರು. “ಪ್ಲಾಸ್ಟಿಕ್‌ನಲ್ಲಿ ಹಾಕಿದ್ರೆ ಅದಕ್ಕೆ ಉಸಿರು ಕಟ್ತದೆ ಮಾರಾಯ್ರೆ. ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ. ನೀರು ಸುರಿಯುದಲ್ಲ, ಬರೀ ಚಿಮುಕಿಸುದು.” ಹಾಗೆಯೇ ಒಂದು ಚೆಂಡು ಸುತ್ತಿ ಕೊಟ್ಟರು. ಜೊತೆಗೆ ನಮಗೆಲ್ಲ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ತೆಂಗಿನಕಾಯಿ ಚಟ್ನಿ. ಅದರ ರುಚಿ ಈಗಲೂ ಬಾಯಲ್ಲಿದೆ. ಆ ಚೆಂಡು ಮರುದಿನ ಸಂಜೆವರೆಗೂ ಬೆಳ್ಳಗೇ ಇತ್ತು.

“ಇದು ಮೊದಲು ಯಾರದ್ದು?” ಕಾರು ಹತ್ತುತ್ತಲೇ ಮಗಳ ಪ್ರಶ್ನೆ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಉಡುಪಿಯೂ ಅದರಲ್ಲೇ ಇತ್ತು. ರಾಜ್ಯಕ್ಕೆ ಕಡಲತೀರ ಸಿಕ್ಕಿದ್ದೇ ಆ ವರ್ಷ ಇದೂ, ಮುಂಬೈ ಕಡೆಯಿಂದ ಉತ್ತರ ಕನ್ನಡವೂ ಸೇರಿದ್ದರಿಂದ. ಮಧ್ಯಾಹ್ನ ಆಗುಂಬೆ ಘಾಟಿಯ 14 ತಿರುವು ಹತ್ತಿ ಮೇಲೆ ಬಂದರೆ ಗಾಳಿಯೇ ಬೇರೆ. ಶಿವಮೊಗ್ಗ ಸೇರುವಾಗ ಕತ್ತಲಾಗಿತ್ತು.

ಐದನೇ ದಿನ: ಕೆರೆ, ಕಂಬ, ಬನವಾಸಿ

ಶಿಕಾರಿಪುರ ದಾಟಿ ಸ್ವಲ್ಪ ದೂರ ಬಂದಿದ್ದೆವು. ಹಿಂದಿನ ಚಕ್ರ ಪಂಕ್ಚರ್. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಹೊರಡುವ ಮೊದಲು ನೋಡಬೇಕಿತ್ತು, ನೋಡಿರಲಿಲ್ಲ. ಬೈಕಿನಲ್ಲಿ ಬಂದ ಹುಡುಗನೊಬ್ಬ ಚಕ್ರ ಬಿಚ್ಚಿ ಹಿಂದೆ ಇಟ್ಟುಕೊಂಡು “ಬರ್ತೀನಿ ಇರಿ ಅಕ್ಕ” ಅಂತ ಹೊರಟುಹೋದ. ಅವನು ವಾಪಸ್ ಬರಲು ಒಂದೂವರೆ ಗಂಟೆ ಆಯಿತು.

ಆ ಒಂದೂವರೆ ಗಂಟೆಯೇ ಈ ಪ್ರವಾಸದ ಒಳ್ಳೆಯ ಹೊತ್ತು. ರಸ್ತೆಯ ಏರಿ ಹತ್ತಿದರೆ ಆಚೆ ಕೆರೆ. ಕೆರೆಯ ಅರ್ಧ ತಾವರೆ. ಗುಲಾಬಿ ಬಣ್ಣದ ಹೂವುಗಳು ನೀರಿನಿಂದ ಒಂದು ಮೊಳ ಮೇಲೆ ಎದ್ದು ನಿಂತಿದ್ದವು. ಅದರ ಎಲೆಯ ಮೇಲೆ ನೀರಿನ ಹನಿ ಪಾದರಸದಂತೆ ಓಡಾಡುತ್ತಿತ್ತು. ಮಗಳು ಅರಳಿದ ಕಮಲವನ್ನು ಕೆರೆಯಲ್ಲಿ ನೋಡಿದ್ದು ಅದೇ ಮೊದಲು. ಸುಮ್ನೆ ನಿಂತಳು, ಒಂದು ಪ್ರಶ್ನೆಯೂ ಕೇಳಲಿಲ್ಲ.

ಸೊಂಟದ ತನಕ ನೀರಿಗೆ ಇಳಿದು ಎಲೆ ಕೊಯ್ಯುತ್ತಿದ್ದ ಹಿರಿಯರೊಬ್ಬರು ದಡಕ್ಕೆ ಬಂದರು. ಊಟಕ್ಕೆ ಎಲೆಯಂತೆ. “ಹನ್ನೊಂದು ಗಂಟೆ ಆದ್ರೆ ಹೂವು ಮುಚ್ಕಳ್ತದೆ, ಈಗಲೇ ನೋಡ್ಕಳಿ” ಅಂದರು. ನೀರು ಪೂರ್ತಿ ಬತ್ತಿದ ವರ್ಷ ಏನಾಗುತ್ತದೆ ಅಂತ ಕೇಳಿದೆ. ಗಡ್ಡೆ ಕೆಸರಿನ ಒಳಗೆ ಇರುತ್ತದೆ, ಕೆಸರು ಒಣಗದಿದ್ದರೆ ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಹೂಳು ತೆಗೆಯುತ್ತೇವೆ ಅಂತ ಯಂತ್ರ ತಂದು ಪೂರ್ತಿ ಕೆರೆದ ಪಕ್ಕದೂರಿನ ಕೆರೆಯಲ್ಲಿ ತಾವರೆ ಮತ್ತೆ ಬಂದಿಲ್ಲ ಅಂತ ಅವರೇ ಹೇಳಿದರು.

ಅಮ್ಮ ಏರಿಯ ಮೇಲೆ ಕೂತು ಮಗಳಿಗೆ ಹೇಳಿದ್ದು ಇಷ್ಟು: “ನೋಡು ಪುಟ್ಟಿ, ಮಲ್ಲಿಗೆ ಒಂದೊಂದು ಊರಿಗೆ ಒಂದೊಂದು. ನಮ್ಮದು ಹೆಚ್ಚು, ನಿಮ್ಮದು ಹೆಚ್ಚು ಅಂತ ಜಗಳ ಬರಬಹುದು. ತಾವರೆ ಹಾಗಲ್ಲ. ಕೆರೆ ಇದ್ದ ಊರಿಗೆಲ್ಲ ಅದು ಒಂದೇ.” ಸರ್ಕಾರ ಇದೇ ಕಾರಣಕ್ಕೆ ಕಮಲ ಆರಿಸಿತು ಅಂತ ನಾನು ಹೇಳಲಾರೆ. ಮಗಳಿಗೆ ಆ ಉತ್ತರ ಸಾಕಾಯಿತು.

ಅಲ್ಲಿಂದ ಬಳ್ಳಿಗಾವಿ. ಇಲ್ಲಿ ಎತ್ತರದ ಕಲ್ಲಿನ ಕಂಬ ಒಂದಿದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಇರುವ ಗಂಡಭೇರುಂಡ ಅದರಲ್ಲಿದೆ. 1047ರಲ್ಲಿ ನಿಲ್ಲಿಸಿದ್ದು. ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ನೋಡುವ ಹಕ್ಕಿ ಮೈಸೂರು ಅರಮನೆಗಿಂತ ನೂರಾರು ವರ್ಷ ಮೊದಲೇ ಇಲ್ಲಿ ನಿಂತಿದೆ. ಊರಿನ ಮಕ್ಕಳು ಅದರ ಹತ್ತಿರವೇ ಕ್ರಿಕೆಟ್ ಆಡುತ್ತಿದ್ದರು.

ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ ಕದಂಬರ ಕಥೆ ಹೇಳುತ್ತದೆ. ಅವರ ಮನೆಯ ಹತ್ತಿರ ಕದಂಬ ಮರ ಒಂದಿತ್ತು, ಅದನ್ನು ಅವರು ಅಕ್ಕರೆಯಿಂದ ಕಾಪಾಡಿದರು, ಅದರಿಂದಲೇ ಆ ಹೆಸರು ಬಂತು ಅಂತ. ಮಯೂರಶರ್ಮ ಸುಮಾರು 345ರಲ್ಲಿ ಕಟ್ಟಿದ, ಈ ನೆಲದವರದ್ದೇ ಆದ ಮೊದಲ ರಾಜ್ಯಕ್ಕೆ ಹೂ ಬಿಡುವ ಒಂದು ಮರದ ಹೆಸರು. ಇದನ್ನು ಓದಿದ ಮೇಲೆ ನನಗೆ ರೋಮಾಂಚನವಾಯಿತು.

ಬನವಾಸಿ ಸೇರುವಾಗ ಬಿಸಿಲು ಇಳಿದಿತ್ತು. ವರದಾ ನದಿ ಊರನ್ನು ಮೂರು ಕಡೆ ಸುತ್ತಿದೆ. ಮಧುಕೇಶ್ವರನ ಗುಡಿಯಲ್ಲಿ ಜನ ಕಡಿಮೆ, ಕಲ್ಲು ತಂಪು. ಕದಂಬ ಮರ ಎಲ್ಲಿದೆ ಅಂತ ಕೇಳಿದರೆ ಗುಡಿಯ ಹತ್ತಿರದವರೊಬ್ಬರು ಬಂದು ತೋರಿಸಿದರು. ಬರೀ ಎಲೆ. “ಮಳೆಗಾಲದಲ್ಲಿ ಬನ್ನಿ, ಹಳದಿ ಚೆಂಡು ಕಟ್ಟಿದ ಹಾಗೆ ಇರ್ತದೆ” ಅಂದರು. ಹತ್ತನೇ ಶತಮಾನದ ಪಂಪ, ಅರಳಿದ ಮಲ್ಲಿಗೆ ಕಂಡರೂ ತನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಅಂದಿದ್ದ. ಅಮ್ಮ ಶಂಕರಪುರದ ಚೆಂಡಿನಲ್ಲಿ ಉಳಿದ ಹೂವನ್ನು ಬಿಡಿಸಿ ಮಧುಕೇಶ್ವರನಿಗೆ ಕೊಟ್ಟರು. ರಾತ್ರಿ ಊಟಕ್ಕೆ ತಂಬುಳಿ, ಕೆಂಪಕ್ಕಿ ಅನ್ನ. ಬನವಾಸಿ 1956ರ ಮೊದಲು ಮುಂಬೈ ಪ್ರಾಂತ್ಯದಲ್ಲಿತ್ತು ಅಂತ ಮಗಳು ತಾನೇ ಹುಡುಕಿ ಬರೆದುಕೊಂಡಿದ್ದಳು.

ಆರನೇ ದಿನ: ಹೂವಿನಹಡಗಲಿ

ಹಾನಗಲ್ ಮೇಲೆ ಹಾವೇರಿಗೆ. ಹಾವೇರಿಯಲ್ಲಿ ಏಲಕ್ಕಿ ಹಾರ ಕೊಂಡೆವು. ಬಾಡುವ ಭಯವಿಲ್ಲ, ದೂರದ ಊರಿಗೆ ಒಯ್ಯುವವರಿಗೆ ಇದಕ್ಕಿಂತ ಒಳ್ಳೆಯ ಹಾರ ಇಲ್ಲ.

ಅಲ್ಲಿಂದ ಬಯಲು. ಕಪ್ಪು ಮಣ್ಣು, ಕೊಯ್ಲಾದ ಹೊಲ, ಬಿಸಿಗಾಳಿ. ಕರೆಂಟು ತಂತಿಯ ಮೇಲೆ ಮಂಕಾಗಿ ಕೂತಿದ್ದ ಹಕ್ಕಿಯೊಂದು ಹಾರಿದ ಕೂಡಲೇ ರೆಕ್ಕೆ ತುಂಬ ನೀಲಿ ಹೊಳೆಯಿತು. “ನೀಲಕಂಠ!” ಮಗಳು ಕೂಗಿದಳು. ಆನೆ ಮೈಸೂರಲ್ಲಿ ಸಿಕ್ಕಿತ್ತು. ಅವಳ ಪಟ್ಟಿ ಪೂರ್ತಿಯಾಯಿತು.

ತುಂಗಭದ್ರೆ ದಾಟಿ ಹಡಗಲಿ ಸೇರಿದಾಗ ಮಧ್ಯಾಹ್ನ. ಬೀದಿಯಲ್ಲಿ ಯಾರೂ ಇಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೇಸಿಗೆಯಲ್ಲಿ ಈ ಕಡೆ ಬರುವವರು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಒಳಗೇ ಇರಬೇಕು.

ಸಂಜೆ ಮಲ್ಲಿಗೆ ತೋಟಕ್ಕೆ ಹೋದೆವು. ತೋಟದ ಯಜಮಾನರ ತಾಯಿ “ಬರ್ರಿ ಯವ್ವಾ, ಕುಂದರ್ರಿ” ಅಂತ ಅಮ್ಮನಿಗೆ ಹೊರಸು ಹಾಕಿದರು. ಚಹಾ ಬಂತು. “ಇದು ವಾಸನಿ ಮಲ್ಲಿಗಿರಿ. ಬ್ಯಾರೆ ಕಡೆ ಹಚ್ಚಿದ್ರ ಹೂವು ಬರ್ತಾವ, ಈ ವಾಸನಿ ಬರಂಗಿಲ್ರಿ” ಅಂದರು. ಶಂಕರಪುರದ ಮೊಗ್ಗಿನ ಮುಂದೆ ಇದು ಚಿಕ್ಕದು, ತೆಳ್ಳಗೆ. ಆದರೆ ಘಮ ಜೋರು. ಇಲ್ಲಿ ಹೂವು ತೂಕದ ಲೆಕ್ಕದಲ್ಲಿ ಹೋಗುತ್ತದೆ. ತಕ್ಕಡಿಗೆ ಹಾಕುವಾಗ ಒದ್ದೆ ಹೂವು ಇರಬಾರದು, ಕೊಳ್ಳುವವರು ಕೈ ಹಾಕಿ ನೋಡಿಯೇ ಕೊಳ್ಳುತ್ತಾರೆ.

ಹಿಂದೆ ಇಲ್ಲಿಂದ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹಂಪಿಯ ವಿರೂಪಾಕ್ಷನಿಗೆ ಹೂವು ಹೋಗುತ್ತಿತ್ತಂತೆ. ಹೂವಿನ ಹಡಗು, ಅದರಿಂದ ಹೂವಿನಹಡಗಲಿ. ಊರಿನ ಎಲ್ಲರ ಬಾಯಲ್ಲೂ ಈ ಕಥೆ ಇದೆ. “ಈಗ್ಯಾಕ ಹೋಗಂಗಿಲ್ಲ?” ಮಗಳು ಅವರ ಹಾಗೆಯೇ ಮಾತಾಡಲು ನೋಡಿದಳು. ಅಜ್ಜಿ ನಕ್ಕು ಅವಳ ಗಲ್ಲ ಹಿಂಡಿದರು. “ನಡುವ ಡ್ಯಾಮ್ ಐತಲ್ಲವ್ವಾ.” ಹೌದು, 1953ರಲ್ಲಿ ಮುಗಿದ ಅಣೆಕಟ್ಟು ಹಡಗಲಿಗೂ ಹಂಪಿಗೂ ಮಧ್ಯೆ ಇದೆ. ಬಳ್ಳಾರಿ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದೂ ಅದೇ 1953ರಲ್ಲಿ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆ ಆದಾಗ ಹಡಗಲಿ ಅದಕ್ಕೆ ಬಂತು. ಅದು ರಾಜ್ಯದ 31ನೇ ಜಿಲ್ಲೆ.

“ಹಂಗಾರ ನಾವು ಒಯ್ಯೋಣೇನು?” ಅಂದರು ಅಮ್ಮ. ಅಜ್ಜಿ ಒಂದು ಕ್ಷಣ ಅವರನ್ನೇ ನೋಡಿ, “ಮುಂಜಾನೆ ಐದಕ್ಕ ಬರ್ರಿ” ಅಂದರು.

ಏಳನೇ ದಿನ: ಹಂಪಿ

ಐದಕ್ಕೆ ಹೋದೆವು. ಅರೆಗತ್ತಲಲ್ಲಿ ಮೊಗ್ಗು ಕೊಯ್ದೆವು, ಮಗಳೂ ಒಂದು ಬಟ್ಟಲು ತುಂಬಿಸಿದಳು. ಅರ್ಧ ಕಿಲೋ ತೂಗಿ, ಅಜ್ಜಿ ಮೇಲೆ ಇನ್ನೆರಡು ಹಿಡಿ ಹಾಕಿದರು. ಬಾಳೆ ಎಲೆ, ಒದ್ದೆ ಬಟ್ಟೆ, ನೆರಳಿನ ಕಡೆಯ ಸೀಟಿನ ಕೆಳಗೆ ಬುಟ್ಟಿ. ಹೊಸಪೇಟೆವರೆಗಿನ ದಾರಿಯಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಕಟ್ಟುತ್ತಲೇ ಇದ್ದರು. ಗುಂಡಿ ಬಂದಾಗ ಕೈ ನಿಲ್ಲಿಸುವುದು, ಮತ್ತೆ ಕಟ್ಟುವುದು. ಮಗಳು ಮೊಗ್ಗು ಜೋಡಿಸಿ ಕೊಟ್ಟಳು. ಗಂಟು ಶಂಕರಪುರದ್ದು, ಹೂವು ಹಡಗಲಿಯದ್ದು.

ವಿರೂಪಾಕ್ಷನ ಗುಡಿಯಲ್ಲಿ ಅರ್ಚಕರಿಗೆ ಕೊಟ್ಟು “ಹಡಗಲಿಯಿಂದ ತಂದದ್ದು” ಅಂದೆವು. ಅವರು ತಲೆ ಎತ್ತಿ ನೋಡಿದರು. ಬುಟ್ಟಿಯನ್ನು ಮುಖದ ಹತ್ತಿರ ಒಯ್ಯಲಿಲ್ಲ, ದೇವರಿಗೆ ಕೊಡುವ ಹೂವು ಮೂಸಬಾರದಲ್ಲ. ಆದರೂ ಘಮ ಅವರಿಗೆ ಮುಟ್ಟಿತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. “ಬಹಳ ದಿನ ಆಯ್ತು” ಅಂದರು, ಇಷ್ಟೇ. ಹಾರ ಹಾಕಿ ಬಂದು, ಒಂದು ತುಂಡು ಪ್ರಸಾದವಾಗಿ ವಾಪಸ್ ಕೊಟ್ಟರು.

ಬಿಸಿಲು ಏರುವ ಮೊದಲೇ ರಾಣಿವಾಸದ ಆವರಣಕ್ಕೆ ಹೋದೆವು. ಅಲ್ಲಿನ ಟಿಕೆಟ್ಟನ್ನು ಇಟ್ಟುಕೊಂಡರೆ ಅದೇ ದಿನ ವಿಠ್ಠಲ ಗುಡಿಗೂ ಆಗುತ್ತದೆ. ಕಮಲ ಮಹಲ್ ಮುಂದೆ ಮಗಳು ಚಿತ್ರ ಬಿಡಿಸಲು ಕೂತಳು. ಕಟ್ಟಡದ ಮೇಲ್ಭಾಗ ಅರಳಲು ಹೊರಟ ತಾವರೆ ಮೊಗ್ಗಿನ ಹಾಗೆಯೇ ಇದೆ.

1443ರಲ್ಲಿ ಪರ್ಷಿಯಾದಿಂದ ಇಲ್ಲಿಗೆ ಬಂದ ರಾಯಭಾರಿ ಅಬ್ದುಲ್ ರಜಾಕ್, ಈ ಊರಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಾರೆ, ಊಟದಷ್ಟೇ ಹೂವೂ ಈ ಜನಕ್ಕೆ ಬೇಕು, ಅದಿಲ್ಲದೆ ಇವರು ಬದುಕಲಾರರು ಅಂತ ಬರೆದಿಟ್ಟ. ವಿಜಯನಗರ 1565ರಲ್ಲಿ ಬಿದ್ದಿತು. ಹೂವಿನ ಸಾಲು ಇದ್ದ ಬೀದಿಗಳಲ್ಲಿ ಈಗ ಕಲ್ಲಿನ ಕಂಬಗಳು. ಆದರೆ ನಾಲ್ಕೂವರೆಗೆ ಕೆ.ಆರ್. ಮಾರ್ಕೆಟ್‌ನಲ್ಲಿ ನೋಡಿದ ಜನರನ್ನು ಅವನು ನೋಡಿದ್ದರೂ ಅದೇ ಮಾತು ಬರೆಯುತ್ತಿದ್ದ.

ಸಂಜೆ ನದಿಯ ದಡದಲ್ಲಿ ಕೂತೆವು. ಆಚೆ ದಡ ಆನೆಗೊಂದಿ, ಕೊಪ್ಪಳ ಜಿಲ್ಲೆ. “ಅದು?” ಅಂದಳು ಮಗಳು. ಹೈದರಾಬಾದಿನದ್ದು, ಅಂದೆ. ಅವಳು ಬೆರಳು ಮಡಿಸಿ ಎಣಿಸಿದಳು. ಮೈಸೂರು, ಕೊಡಗು, ಮದ್ರಾಸು, ಮುಂಬೈ, ಹೈದರಾಬಾದು. ಕೂಡಿ ಒಂದು ರಾಜ್ಯವಾದ ಐದೂ ಆಯಿತು.

ಪ್ರಸಾದದ ಹೂವನ್ನು ಅಮ್ಮ ಅವಳಿಗೆ ಮುಡಿಸಲು ತೆಗೆದರು. ಅಭ್ಯಾಸಬಲ, ಮೊದಲು ಮೊಣಕೈಗೆ ಹಿಡಿದು ಅಳೆದರು. “ಒಂದು ಮೊಳ.” ಮಗಳು ಅದನ್ನು ಇಸಿದುಕೊಂಡು ತನ್ನ ಕೈಗೆ ಹಿಡಿದಳು.

“ಇಲ್ಲ ಅಜ್ಜಿ, ಒಂದೂಕಾಲು.”